ಎಡಗಾಲಿನ ಸೆಳೆತ

ದೊಡ್ಡವ್ವ ಆ ಮಾತು ಹೇಳಿದ್ದು ಜೋಳದ ಹಿಟ್ಟು ನಾದುತ್ತ ಕೂತಾಗ. ಏಕನಾಥನಿಗೆ ಹೆಚ್ಚು ಚುಚ್ಚಿದ್ದು ಅದೇ. ಕರೆದು, ಎದುರಿಗೆ ಕೂರಿಸಿಕೊಂಡು, ನಾಲ್ವರು ಹಿರಿಯರನ್ನು ಕೇಳಿ ಆಡಬೇಕಾದ ಮಾತು. ಆಕೆ ಒಲೆಯ ಕಡೆ ಮುಖ ಮಾಡಿಕೊಂಡೇ ಆಡಿ ಮುಗಿಸಿದಳು.

"ಸುಗ್ಗಿ ಮುಗದ ಮ್ಯಾಲ ಭಾಲ್ಕಿಗಿ ಹೋಗಿ ಬರೂಣಪ್ಪ. ಗೌಸೋದ್ದೀನನ ಹೊಲ ಚಾಂದಬೀ ಹೆಸರಿಗಿ ಮಾಡಿ ಕೊಟ್ಟುಬಿಡ್ತೇನಿ. ಪಾಪ, ಆಕಿ ಬೀದರದಾಗ ಮಂದಿ ಮನಿ ಭಾಂಡಿ ತಿಕ್ಕಲಿಕತ್ತಾಳಂತ."

"ಹೊಲ ನಿನ್ನ ಹೆಸರಿಗಿ ಅದಲ್ಲ, ದೊಡ್ಡವ್ವ."

"ಹೆಸರಿಗಿ ಅದ. ನಂದಲ್ಲ," ಎಂದು ಆಕೆ ರೊಟ್ಟಿ ಬಡಿಯತೊಡಗಿದಳು.

ಸಾಯಗಾಂವದ ಆ ಕಪ್ಪುಮಣ್ಣಿನ ಹೊಲ ಮಾಂಜ್ರಾ ನದಿಯ ಮಗ್ಗುಲಿಗಿತ್ತು. ರಜಾಕಾರರ ಹಾವಳಿಯಲ್ಲಿ ನೆರೆಮನೆಯ ಗೌಸೋದ್ದೀನ, ದೊಡ್ಡವ್ವ ಹೀರಾಬಾಯಿಯ ಕುರಿಗಳನ್ನು ತನ್ನವೆಂದು ಹೇಳಿ ಉಳಿಸಿಕೊಟ್ಟಿದ್ದ. ಕಾಲ ಇನ್ನೂ ಕೆಡುತ್ತದೆಂದು ತಿಳಿದವನು, ತನ್ನ ಹೊಲವನ್ನು ಆಕೆಯ ಹೆಸರಿಗೆ ಮಾಡಿಸಿ, "ಅಮಾನತ್ ಇಟ್ಕೋ ಅಕ್ಕಾ, ಗಾಳಿ ತಣ್ಣಗಾದ ಮ್ಯಾಲ ಕೊಡು" ಎಂದಿದ್ದ. ಪೊಲೀಸ್ ಆ್ಯಕ್ಷನ್ ಆದ ವಾರದಲ್ಲಿ ಹೆಂಡತಿ ಚಾಂದಬೀಯನ್ನು ಮಕ್ಕಳ ಜೊತೆ ಬೀದರಿನ ದಾರಿ ಹಿಡಿಸಿ, ತಾನು ಎತ್ತುಗಳಿಗಾಗಿ ಹಿಂದೆ ಉಳಿದ. ಆಮೇಲೆ ಯಾರೂ ಅವನನ್ನು ಕಾಣಲಿಲ್ಲ. ಎತ್ತುಗಳನ್ನು ಮಾತ್ರ ಬೇರೆಯವರ ಗಾಡಿಗಳಲ್ಲಿ ಕಂಡವರಿದ್ದರು.

ಅಂದಿನಿಂದ ಆ ಹೊಲ ಉತ್ತವನು ಏಕನಾಥ. ಕಲ್ಲು ಆಯ್ದವನು, ಬದು ಹಾಕಿದವನು, ಬಾವಿ ತೋಡಿ ನೀರು ಕಂಡವನು. ಮೊದಲ ನೀರು ಬಂದ ದಿನ ಕೆಸರಿನಲ್ಲೇ ಕೂತು ಅದನ್ನು ಕುಡಿದಿದ್ದ. ಅವನು ಹೀರಾಬಾಯಿಯ ಗಂಡ ಬಕ್ಕಪ್ಪನ ತಮ್ಮನ ಮಗ. ತಂದೆತಾಯಿ ಪ್ಲೇಗಿಗೆ ಹೋದ ಮೇಲೆ ಈ ಮನೆಯಲ್ಲೇ ಬೆಳೆದು, ಭಾಲ್ಕಿಯಲ್ಲಿ ಉರ್ದು ಸಾಲಿ ಕಲಿತವನು. ಬಕ್ಕಪ್ಪನೂ ತೀರಿಕೊಂಡಿದ್ದ. ಹೀರಾಬಾಯಿಗೆ ಮಕ್ಕಳಿರಲಿಲ್ಲ. ಆಕೆಯ ನಂತರ ಎಲ್ಲವೂ ಅವನದೇ. ಆದರೆ ಆಕೆ ಭಾಲ್ಕಿಯ ತಹಸೀಲಿನ ಮೆಟ್ಟಿಲು ಹತ್ತಿದರೆ ಬಾವಿಯಿದ್ದ ಆ ಹೊಲ ಅವನದಾಗುವುದಿಲ್ಲ.

ಸುಗ್ಗಿಗೆ ಇನ್ನೂ ಸಮಯವಿತ್ತು. ಯೋಚಿಸಬಲ್ಲವನಿಗೆ ಅಷ್ಟು ಸಮಯ ಸಾಕು.

ದಾರಿ ತೋರಿದ್ದು ಆಕೆಯ ನೋವೇ. ಹಿಂದಿನ ವರ್ಷದಿಂದ ಹೀರಾಬಾಯಿಯ ಎಡಗಾಲು ಸೆಳೆಯುತ್ತಿತ್ತು. ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂದಿನಿಂದ ಇಳಿದು, ಹಿಮ್ಮಡಿಯವರೆಗೆ ಕಾಸಿದ ತಂತಿ ಎಳೆದ ಹಾಗೆ. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಮಾತಿನ ನಡುವೆ ಒಮ್ಮೊಮ್ಮೆ ತಟ್ಟನೆ ಸುಮ್ಮನಾಗಿ ಕಂಬ ಹಿಡಿಯುತ್ತಿದ್ದಳು. ಆಮೇಲೆ ಬಿಟ್ಟ ಮಾತನ್ನೇ ಮುಂದುವರಿಸುತ್ತಿದ್ದಳು.

ಏಕನಾಥ ಆಕೆಯನ್ನು ಗಾಡಿಯಲ್ಲಿ ಹುಲ್ಲು ಹಾಸಿ ಬೀದರಿನ ದವಾಖಾನೆಗೆ ಕರೆದೊಯ್ದ. ಆಗ ಅವನ ಮನಸ್ಸಿನಲ್ಲಿ ಇನ್ನೂ ಯಾವ ದಾರಿಯೂ ಇರಲಿಲ್ಲ. ಡಾಕ್ಟರ್ ಆಕೆಯ ಕಾಲು ಎತ್ತಿ ನೋಡಿ, ಎದೆ ಬಡಿತ ಕೇಳಿ, ಅವನನ್ನು ಪಕ್ಕಕ್ಕೆ ಕರೆದರು.

"ಇದು ನರದ ನೋವು. ಎಲುಬಿನದಲ್ಲ. ಇದಕ್ಕ ಇದೇ ಔಷಧ ಅಂತ ಒಂದಿಲ್ಲ ನೋಡು. ಒಬ್ಬರಿಗಿ ಹಿಡಿದದ್ದು ಇನ್ನೊಬ್ಬರಿಗಿ ಹಿಡಿಯೂದಿಲ್ಲ. ಸ್ವಲ್ಪದಿಂದ ಶುರು ಮಾಡಿ ಯಾವುದು ಒಗ್ಗತದ ನೋಡಬೇಕು. ಒಂದು ಮಾತು: ಆಕೀದು ಎದಿ ಗಟ್ಟಿ ಇಲ್ಲ. ನಮ್ಮ ಔಷಧದ ಜೋಡಿ ಊರ ವೈದ್ಯರದು, ಹಕೀಮರದು ಬೆರಸಬ್ಯಾಡ."

"ಬೆರಸಂಗಿಲ್ರಿ," ಎಂದ ಏಕನಾಥ. ಗಾಡಿ ಕೋಟೆಯ ಬಾಗಿಲು ದಾಟುವಷ್ಟರಲ್ಲಿ ಆ ಮಾತು ಅವನೊಳಗೆ ಬೇರು ಬಿಟ್ಟಿತ್ತು.

ದವಾಖಾನೆಯ ಬಿಳಿ ಗುಳಿಗೆ ಆಕೆಯ ಹೊಟ್ಟೆ ಉರಿಸಿತು. ನಿದ್ದೆಯ ಮಿಕ್ಸ್ಚರ್ ಕುಡಿದರೆ ಕಾಲು ಸುಮ್ಮನಾಗುತ್ತಿತ್ತು, ಜೊತೆಗೆ ಆಕೆಯೂ ಮಂಕಾಗುತ್ತಿದ್ದಳು. ಭಾಲ್ಕಿಯ ಗೋರಖನಾಥ ವೈದ್ಯರು ಲಕ್ಕಿ ಸೊಪ್ಪಿನ ಕಾವು ಹೇಳಿ, ಕಪ್ಪಗಿನ ಒಂದು ಅರಿಷ್ಟದ ಬಾಟಲಿ ಕೊಟ್ಟರು. ಆ ಕಹಿ ಔಷಧ ಆಕೆಗೆ ಒಗ್ಗಿತು. ದಿನಾ ಮುಂಜಾನೆ ಊಟವಾದ ಮೇಲೆ ಒಂದು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದರೆ ಮಧ್ಯಾಹ್ನದವರೆಗೆ ಕುರಿದೊಡ್ಡಿಯಲ್ಲಿ ಓಡಾಡಬಲ್ಲಳು. ಏಕನಾಥ ಮೂರೂ ಔಷಧಗಳನ್ನು ಗೋಡೆಯ ಗೂಡಿನಲ್ಲಿ ಜೋಡಿಸಿ ಇಟ್ಟ. ಯಾವುದನ್ನೂ ಎಸೆಯಲಿಲ್ಲ. ಮೂರು ಕೈಯ ಮದ್ದು ಒಂದೇ ಗೂಡಿನಲ್ಲಿರುವುದು ಅವನಿಗೆ ಬೇಕಾಗಿತ್ತು. ನಾಳೆ ಏನಾದರೂ ಆದರೆ ಡಾಕ್ಟರ್ ವೈದ್ಯರನ್ನು ತೋರಿಸುತ್ತಾರೆ, ವೈದ್ಯರು ಡಾಕ್ಟರನ್ನು. ಇನ್ನೊಂದು ಕೈ ಸೇರಿದರೆ ಇಬ್ಬರೂ ಆ ಕಡೆಗೇ ಬೊಟ್ಟು ಮಾಡುತ್ತಾರೆ.

ಇನ್ನು ಯಾವ ಮದ್ದು ಎಂಬುದು ಉಳಿಯಿತು. ಅವನು ಹೆಣ್ಣು ನೋಡುವವನ ಹಾಗೆ ಒಂದೊಂದನ್ನೂ ನೋಡಿ ಬಿಟ್ಟ. ಅಫೀಮು ಬೇಡ, ಅದರ ವಾಸನೆ ಊರಿನ ಪ್ರತಿ ಮುದುಕನಿಗೂ ಗೊತ್ತು. ದತೂರಿ ಬೇಡ, ಹುಚ್ಚು ಹಿಡಿದು ಕೂಗಾಡಿದರೆ ಊರೇ ಸೇರುತ್ತದೆ. ಸೋಮಲದ ಪಾಷಾಣ ಬೇಡ; ಅದನ್ನು ಹೈದರಾಬಾದಿನಲ್ಲಿ ಹೊಟ್ಟೆ ಬಗೆದು ಹಿಡಿಯುತ್ತಾರೆಂದು ಕೇಳಿದ್ದ. ಉಳಿದದ್ದು ಬಚನಾಗದ ಬೇರು. ನರದ ನೋವಿಗೆ ಹಕೀಮರು ಅದನ್ನೇ ಎಣ್ಣೆಗೆ ಹಾಕಿ ಹೊರಗಿನಿಂದ ತಿಕ್ಕುತ್ತಿದ್ದರು. ಒಳಗೆ ಹೋದರೆ ಎದೆ ನಿಲ್ಲುತ್ತದೆ. ಎದೆ ಗಟ್ಟಿ ಇಲ್ಲದ ಮುದುಕಿಯ ಎದೆ ನಿಂತರೆ ಯಾರು ಏನು ಕೇಳಿಯಾರು?

ಭಾಲ್ಕಿಯಲ್ಲಿ ಅವನ ಮುಖ ಎಲ್ಲರಿಗೂ ಗೊತ್ತು. ಆದ್ದರಿಂದ ರೈಲಿನಲ್ಲಿ ಕಮಲನಗರಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಗಾಡಿ ಹಿಡಿದು ಔರಾದಿಗೆ ಹೋದ. ಅಲ್ಲಿ ಮುಜೀಬೋದ್ದೀನ ಎಂಬ ವಯಸ್ಸಾದ ಹಕೀಮರಿದ್ದರು. ಅವರು ರೋಗಿಯನ್ನು ಕಾಣದೆ ಮದ್ದು ಕೊಡುವವರಲ್ಲ ಎಂದು ಗಾಡಿಯವನೇ ಹೇಳಿದ್ದ. ಏಕನಾಥ ಅದಕ್ಕೂ ತಯಾರಾಗಿದ್ದ. ಊರ ಹೊರಗೆ ಗಾಡಿಯಿಂದ ಇಳಿದಾಗಲೇ ಎಡಗಾಲು ಎಳೆದು ನಡೆಯತೊಡಗಿದ. ದೊಡ್ಡವ್ವನನ್ನು ವರ್ಷದಿಂದ ನೋಡಿದ್ದ. ಎಲ್ಲಿ ಕೈ ಇಟ್ಟುಕೊಳ್ಳಬೇಕು, ಮಾತಿನ ಮಧ್ಯೆ ಎಲ್ಲಿ ಉಸಿರು ಹಿಡಿಯಬೇಕು ಎಲ್ಲ ಬಾಯಿಪಾಠ.

ಹಕೀಮರು ತಮ್ಮ ಹೆಗಲ ಶಾಲು ಮಡಿಸಿ ಅವನ ಕಾಲಿನ ಕೆಳಗೆ ಇಟ್ಟರು. ಹಿಮ್ಮಡಿಯಿಂದ ಸೊಂಟದವರೆಗೆ ಬೆರಳೂರಿ ನೋಡಿದರು.

"ಇರ್ಕುನ್ನಿಸಾ, ಕಾಲಿನ ನರದ ಸೆಳೆತ," ಎಂದರು. "ಇಷ್ಟ್ ಸಣ್ಣ ವಯಸ್ಸಿಗಿ ಬರಬಾರ್ದಿತ್ತಪ್ಪಾ. ಭಾರ ಎತ್ತಿದ್ದಿ ಏನು?"

"ಬಾವಿ ತೋಡೀನ್ರಿ."

"ಅದೇ ಮತ್ತ. ಮೊದಲ ಕುಡಿಯೂ ಮದ್ದು ಕೊಡ್ತೇನಿ. ಬಚನಾಗ್ ಕೇಳಬ್ಯಾಡ, ಅದು ಕಡೀ ಮಾತು."

ಏಕನಾಥ ಎಲ್ಲ ಮದ್ದೂ ನೋಡಿ ಬಂದಿರುವುದಾಗಿ, ಯಾವುದೂ ಹಿಡಿಯಲಿಲ್ಲವೆಂದು ಹೇಳಿದ. ಕಣ್ಣಿಗೆ ನೀರು ತರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಮುದುಕರು ಎದ್ದು, ಒಂದು ಬಾಟಲಿ ಎಣ್ಣೆ ಕೊಟ್ಟರು. ಅದು ಮುಗಿದಾಗ ಹೊಸ ಎಣ್ಣೆಗೆ ಹಾಕಿಕೊಳ್ಳಲೆಂದು ಬಚನಾಗದ ಪುಡಿಯ ಒಂದು ಪುಡಿಕೆಯನ್ನೂ ಕಟ್ಟಿದರು. ದೂರದಿಂದ ಬರುವವನು, ಕುಂಟುತ್ತ ಮತ್ತೆ ಬರುವುದು ಬೇಡವೆಂದು.

"ಹಚ್ಚಿದ ಮ್ಯಾಲ ಕೈ ತೊಳಿ. ಬಾಯಿಗಿ ಹತ್ತಿದರ ಮೊದಲ ತುಟಿ ಝುಂ ಅಂತದ, ಮೆಣಸಿನಕಾಯಿ ತಿಂದಂಗ. ಆಮ್ಯಾಲ ನಾಲಗಿ ಮರದಂಗ ಆಗ್ತದ. ಅದರ ಮುಂದ ಹಕೀಮಂದು ಏನೂ ನಡ್ಯೂದಿಲ್ಲ, ಅಲ್ಲಾಂದೇ."

ಬಾಗಿಲವರೆಗೆ ಬಂದು, ತಮ್ಮ ಊರುಗೋಲನ್ನೇ ಅವನ ಕೈಗಿಟ್ಟರು. ಈ ಮುದುಕನ ಮೇಲೆ ನಾಳೆ ಊರು ಬೀಳುತ್ತದೆ ಎಂದು ಏಕನಾಥನಿಗೆ ಗೊತ್ತಿತ್ತು. ಎಣ್ಣೆಯ ಬಾಟಲಿಯೂ ಗೂಡು ಸೇರುತ್ತದೆ. ಕಣ್ಣು ಮಂಜಾದ ಹೆಂಗಸು ಹಚ್ಚುವ ಮದ್ದನ್ನು ಕುಡಿದುಬಿಟ್ಟಳು ಎಂದು ತಾನು ಅಳುತ್ತಾನೆ. ಹಕೀಮ ಬೇಕೆಂದೇ ಕೊಟ್ಟ ಎಂದು ಉಳಿದವರು ತಾವಾಗಿಯೇ ಹೇಳುತ್ತಾರೆ. ಈ ವರ್ಷಗಳಲ್ಲಿ ಅಂಥ ಮಾತಿಗೆ ಸಾಕ್ಷಿ ಬೇಕಿರಲಿಲ್ಲ. ಊರುಗೋಲು ಹಿಡಿದು ನಡೆಯುವಾಗ ಅದು ಅವನ ಕೈಗೆ ಸರಿಯಾಗಿ ಕೂತಿತ್ತು. ಅದೊಂದು ಸ್ವಲ್ಪ ಕಿರಿಕಿರಿ ಮಾಡಿತು.

ದಡ್ಡರು ಇಲ್ಲಿ ತಪ್ಪುತ್ತಾರೆ ಎಂದುಕೊಂಡ ಅವನು: ಔರಾದಿನಲ್ಲಿ ಕುಂಟಿ, ಊರಿಗೆ ಬಂದ ಕೂಡಲೇ ನೆಟ್ಟಗೆ ನಡೆಯುತ್ತಾರೆ. ಔರಾದ ಕಡೆಯ ಡಾಬಕಾದಿಂದ ಉಣ್ಣೆ ಕೊಳ್ಳುವವರು ಸಾಯಗಾಂವಕ್ಕೆ ಬರುತ್ತಿದ್ದರು. ಆದ್ದರಿಂದ ಅವನು ಊರಲ್ಲೂ ಕುಂಟಿದ. ಹೊಲದಲ್ಲಿ ಒಬ್ಬನೇ ಇದ್ದಾಗಲೂ ಕುಂಟಿದ. ಚಪ್ಪಲಿಯ ಹೊರ ಅಂಚು ಸವೆಯುವಂತೆ ಕಾಲು ಎಳೆದ. ತನ್ನ ಈ ಶಿಸ್ತಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು.

ಹೀರಾಬಾಯಿ ಮೊದಲ ದಿನವೇ ಕಂಡುಹಿಡಿದಳು. "ತಮ್ಮಾ, ನಿನಗೂ ಹತ್ತಿತೇನೋ ಇದು?"

"ಬಾವಿ ಕೆಲಸದ ನೋವು, ಹೋಗ್ತದ ಬಿಡು."

"ನನ್ನ ಮದ್ದು ತಗೋ."

"ನಿಂದು ನಿನಗs ಸಾಲೂದಿಲ್ಲ. ನನಗ ಬ್ಯಾಡ."

ಈ ಉತ್ತರ ಕೇಳಿದ ನೆರೆಯ ಸುಂದರಬಾಯಿ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು: "ಹೊಟ್ಟೀಲೆ ಹುಟ್ಟಿದ ಮಗನೂ ಹಿಂಗ ಮಾಡಂಗಿಲ್ಲವ್ವ." ಏಕನಾಥ ಆ ಉತ್ತರವನ್ನು ಇನ್ನೆರಡು ಸಲ ಸುಂದರಬಾಯಿಗೆ ಕೇಳುವಂತೆ ಹೇಳಿದ. ಅಂದಿನಿಂದ ಅವನ ಹಾಸಿಗೆಯ ಕಾಲ್ದೆಸೆಯಲ್ಲಿ ಬಟ್ಟೆ ಸುತ್ತಿದ ಬಿಸಿ ಇಟ್ಟಿಗೆ ಇರುತ್ತಿತ್ತು. ದೊಡ್ಡವ್ವನ ಮೆತ್ತನೆಯ ಕೌದಿ ಅವನ ಹಾಸಿಗೆಗೆ ಬಂದು, ಅವನ ಹಳೆಯದು ಆಕೆಯದಕ್ಕೆ ಹೋಗಿತ್ತು. ಅವನು ಇಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಮಲಗುತ್ತಿದ್ದ. ನೋವಿಲ್ಲದ ಕಾಲಿಗೆ ಅದು ಬರೀ ಸೆಕೆ.

ಅಮಾವಾಸ್ಯೆಯ ದಿನ ದೊಡ್ಡಿಯಲ್ಲಿ ಒಂದು ಕುರಿ ಕುಂಟಿತು. ಕುರಿ ಕಾಯುವ ಮಡೆಪ್ಪ ಬೇರು ಸೊಪ್ಪು ಅರೆದು ತಂದ. ಹೀರಾಬಾಯಿ ಕಂಬಕ್ಕೊರಗಿ ನಿಂತು, ಒಂದೊಂದೇ ಕುರಿಯ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುವಳು. ಮಡೆಪ್ಪ ಬಿದಿರಿನ ಗೊಟ್ಟದಿಂದ ಮದ್ದು ಬಾಯಿಗೆ ಸುರಿಯುವನು. ಇಡೀ ಹಿಂಡು ಸಾಲಾಗಿ ನಿಂತಿತ್ತು. ಏಕನಾಥ ಗೋಡೆಗೆ ಕೋಲು ಆನಿಸಿ ನೋಡುತ್ತಿದ್ದ.

"ಒಂದು ಕುಂಟಿದ್ದಕ್ಕ ಹಿಂಡಿಗೆಲ್ಲಾ ಮದ್ದೇನು? ಕುಂಟೂದಕ್ಕ ಹಾಕಿ ಬಿಡಬಾರದಾ?"

"ನೀವು ಸಾಲಿ ಕಲತವರ್ರಿ ಮಾಲಕ್ರ, ನಿಮಗ ಒಂದ ಕುರಿ ಕಾಣತದ. ನಮಗ ದೊಡ್ಡಿ ಕಾಣತದ," ಎಂದ ಮಡೆಪ್ಪ. "ಗೊಟ್ಟ ಒಂದs. ಬ್ಯಾನಿ ಬಾಯಿಗಿ ಮೊದಲ ಇಟ್ರ ಎಲ್ಲಾಕ್ಕೂ ಹಚ್ಚಿದಂಗ. ಅದಕ್ಕ ಚಲೋ ಇದ್ದವಕ್ಕ ಮೊದಲ, ಹೊಸಾ ಕುಂಟಿಗಿ ಆಮ್ಯಾಲ, ಹಳೀ ಕುಂಟಿಗಿ ಎಲ್ಲಾಕಿಂತ ಕಡೀಕ. ನೀವೂ ಸಾಲಿನಾಗ ನಿಂದರ್ರಿ, ಒಂದು ಗೊಟ್ಟ ಹಾಕ್ತೇನಿ."

ಏಕನಾಥ ನಕ್ಕ. ಕುರಿಗಾರರ ಮೂಢತನ ಎಂದುಕೊಂಡ. ಹೀರಾಬಾಯಿ ನಗಲಿಲ್ಲ, ಅವನ ಎಡಗಾಲಿನ ಕಡೆ ನೋಡುತ್ತಿದ್ದಳು.

ಸುಗ್ಗಿ ಮುಗಿಯಿತು. ಈಚೆಗೆ ದೊಡ್ಡವ್ವನ ಅಡುಗೆಯಲ್ಲಿ ಕೈ ತಪ್ಪುತ್ತಿತ್ತು. ಪುಂಡಿ ಪಲ್ಯ ಹುಳಿಯ ಜೊತೆಗೆ ಕಹಿಯೂ ಇರುತ್ತಿತ್ತು. ಸೊಪ್ಪು ಬಲಿತಿರಬೇಕು, ಇಲ್ಲವೇ ಆಕೆಗೆ ರುಚಿ ತಿಳಿಯದ ವಯಸ್ಸಾಗಿರಬೇಕು. ಅವನು ಮಾತಾಡದೆ ಉಣ್ಣುತ್ತಿದ್ದ. ಇನ್ನು ಕೆಲವೇ ದಿನ ಉಣ್ಣಬೇಕಾದ ಅಡುಗೆ. ಅರಿಷ್ಟದ ಬಾಟಲಿಯೂ ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಆಕೆಯ ನೋವು ಹೆಚ್ಚಿದೆ, ಹೆಚ್ಚು ಕುಡಿಯುತ್ತಾಳೆ. ಅದೂ ಒಳ್ಳೆಯದೇ ಎಂದುಕೊಂಡ. ಭಾಲ್ಕಿಯಿಂದ ಹೊಸ ಬಾಟಲಿ ತರುವಾಗ ವೈದ್ಯರಿಗೆ, "ಭಾಳ ತಗೋತಾಳ್ರಿ, ಹೇಳಿದರ ಕೇಳೂದಿಲ್ಲ" ಎಂದು ಬೇಸರದ ಮುಖದಿಂದ ಹೇಳಿಯೂ ಬಂದ.

ತಹಸೀಲಿಗೆ ಹೋಗುವ ದಿನ ಗೊತ್ತಾಯಿತು. ಹೀರಾಬಾಯಿ ಒಳ್ಳೆಯ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಚಾಂದಬೀಯ ಮಕ್ಕಳಿಗೆಂದು ಶೇಂಗಾ ಉಂಡಿಯನ್ನೂ ಕಟ್ಟಿದ್ದಳು.

ಅದರ ಹಿಂದಿನ ದಿನ ಮುಂಜಾನೆ ಆಕೆ ದೊಡ್ಡಿಗೆ ಹೋದಾಗ ಏಕನಾಥ ಹೊಸ ಬಾಟಲಿಯ ಬೂಚು ತೆಗೆದ. ಪುಡಿಕೆಯ ಪುಡಿಯನ್ನು ಒಳಗಿಳಿಸಿ, ಅಲುಗಿಸಿ, ಮೊದಲಿದ್ದ ಜಾಗದಲ್ಲೇ ಇಟ್ಟ. ಖಾಲಿ ಕಾಗದ ಒಲೆಯಲ್ಲಿ ಒಂದು ಕ್ಷಣ ನೀಲಿಯಾಗಿ ಉರಿದು ಹೋಯಿತು. ಕೈಯನ್ನು ಎರಡು ಸಲ ತೊಳೆದುಕೊಂಡ, ಹಕೀಮರು ಹೇಳಿದ ಹಾಗೆಯೇ. ಮಡೆಪ್ಪ ಹಿಂಡು ಹೊಡೆದುಕೊಂಡು ಹೋದ. ಇನ್ನು ತಾನು ಉಂಡು, ಕುಂಟುತ್ತ ಬಾವಿಯ ಕಡೆ ಹೋಗುವುದು. ದಾರಿಯಲ್ಲಿ ಸುಂದರಬಾಯಿಯನ್ನು ಮಾತಾಡಿಸುವುದು. ಕರೆ ಬಂದಾಗ ಕೋಲು ಬಿಸಾಡಿ ಓಡಿ ಬರುವುದು. ಅಂಥ ಹೊತ್ತಿನಲ್ಲಿ ನೋವು ಮರೆತು ಓಡಿದರೆ ಯಾರೂ ತಪ್ಪು ತಿಳಿಯರು.

ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ದೊಡ್ಡವ್ವ ತಟ್ಟೆ ಹಾಕಿದ್ದಳು. ಬಿಸಿ ರೊಟ್ಟಿ, ಕೆಂಪು ಖಾರ, ಬಟ್ಟಲಲ್ಲಿ ಪುಂಡಿ ಪಲ್ಯ. ಪಲ್ಯ ಎಂದಿನಂತೆ ಕಹಿಯಾಗಿತ್ತು. ಅವನು ಅವಸರ ತೋರದೆ ಬಟ್ಟಲು ಬಳಿದು ಉಂಡ.

"ದೊಡ್ಡವ್ವಾ, ಮದ್ದು ತಗೊಂಡ್ಯಾ?"

"ಇನ್ನಾ ಇಲ್ಲಪ್ಪ. ತಗೋತೇನಿ."

"ಮರಿಬ್ಯಾಡ. ನಾಳಿಗಿ ಗಾಡಿ ಪ್ರಯಾಣ ಅದ."

ತುಟಿ ಚುರುಗುಟ್ಟುತ್ತಿತ್ತು. ಇವತ್ತು ಖಾರ ಹೆಚ್ಚಾಗಿದೆ ಎಂದುಕೊಂಡು ನೀರು ಕುಡಿದ. ಚುರುಗುಟ್ಟುವಿಕೆ ಇಳಿಯಲಿಲ್ಲ, ನಾಲಿಗೆಯ ತುದಿಗೆ ಹತ್ತಿತು. ಇನ್ನೊಂದು ಚೊಂಬು ಕುಡಿದ. ನೀರು ಬಾಯಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ. ಅವನ ಕಣ್ಣು ಗೂಡಿನ ಕಡೆ ಹೋಯಿತು. ಬಾಟಲಿ ಇಟ್ಟ ಜಾಗದಲ್ಲಿರಲಿಲ್ಲ. ದೊಡ್ಡವ್ವನ ಮಗ್ಗುಲಲ್ಲಿ, ಹಿತ್ತಾಳೆ ಬಟ್ಟಲಿನ ಪಕ್ಕದಲ್ಲಿತ್ತು. ಬೂಚು ತೆಗೆದಿತ್ತು.

ಅವನ ನೋಟ ಕಂಡು ಆಕೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಕ್ಕಳು. "ಬೈಬ್ಯಾಡ ತಮ್ಮಾ. ನೀ ಮದ್ದು ಒಲ್ಲೆ ಅಂತೀದಿ, ಅದಕ್ಕ ಆ ಅಮಾಸಿಯಿಂದ ನಿನ್ನ ಪಲ್ಲ್ಯಾದಾಗೇ ಹಾಕಿ ಕೊಡ್ಲಿಕತ್ತೇನಿ. ಹೊಸಾ ಕುಂಟಿಗಿ ಮೊದಲ, ಹಳೀ ಕುಂಟಿಗಿ ಕಡೀಕ. ನಮ್ಮ ದೊಡ್ಡಿ ಪದ್ಧತಿ ಅದೇ ಅಲ್ಲೇನು?" ಏಕನಾಥ ಏಳಲು ನೋಡಿದ. ಇಷ್ಟು ದಿನ ಸುಳ್ಳಾಗಿ ಎಳೆದ ಎಡಗಾಲು ಈಗ ತನ್ನದಲ್ಲವೆಂಬಂತೆ ಮಡಿಚಿಕೊಂಡಿತು. ಹೇಳಬೇಕಾದ ಒಂದೇ ಒಂದು ಮಾತು ಮರದ ತುಂಡಿನಂತಾದ ನಾಲಿಗೆಯ ಹಿಂದೆ ನಿಂತಿತು; ಗಂಟಲಿನಿಂದ ಬಂದದ್ದು ಬರೀ ನರಳಿಕೆ. "ಅಯ್ಯ ನನ್ನಪ್ಪ, ಇವತ್ತ ಇಷ್ಟು ಸೆಳಿಲಿಕತ್ತದೇನು," ಎಂದು ಆಕೆ ತನ್ನ ಕಾಲನ್ನು ಎಳೆದುಕೊಂಡು ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತನಗೆಂದು ಬಗ್ಗಿಸಿಟ್ಟ ಹಿತ್ತಾಳೆ ಬಟ್ಟಲನ್ನು ತುಟಿಯವರೆಗೆ ತಂದವಳು ನಿಂತು, ಅವನ ಮುಖ ನೋಡಿ, ಅದನ್ನು ಅವನ ಬಾಯಿಗೆ ತಿರುಗಿಸಿದಳು. "ನಂದೂ ನೀನೇ ಕುಡಿ. ನನಗ ನಾಳಿಗಿ ನಡೀತದ," ಎಂದು, ಕುರಿಗೆ ಹಿಡಿಯುವ ಹಾಗೆಯೇ, ನೋವಾಗದಂತೆ ಎರಡು ಬೆರಳಿನಲ್ಲಿ ಅವನ ಗದ್ದವನ್ನು ಎತ್ತಿ ಹಿಡಿದಳು.